ತುಂಗಭದ್ರೆಯ ಶಿಲಾಸೇತು

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆಯ ಸಮೀಪದಲ್ಲಿರುವ ಬಾಳೆಗುಳಿಯು ಎರಡು ಹೆದ್ದಾರಿಗಳು ಕೂಡುವ ಒಂದು ಸಣ್ಣ ಊರು. ಕಡಲತಡಿಯನ್ನು ಅನುಸರಿಸಿ ಕಾರವಾರದಿಂದ ಮಂಗಳೂರಿನ ಕಡೆಗೆ ಸಾಗುವ ಮಾರ್ಗವನ್ನು, ಯಲ್ಲಾಪುರದಿಂದ ಅರಬೈಲು ಘಟ್ಟವನ್ನಿಳಿದು ಬರುವ ಹುಬ್ಬಳ್ಳಿಯ ಮಾರ್ಗವು ಇಲ್ಲಿ ಸಂಧಿಸುತ್ತದೆ. ಹೆದ್ದಾರಿಗಳ ಸಂಖ್ಯೆಗಳನ್ನು ಬದಲಿಸುವುದಕ್ಕೆ ಮೊದಲು ಈ ಎರಡನೆಯ ಮಾರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ ೬೩ ಎಂಬ ಹೆಸರಿದ್ದಿತು. ಅದು ಅಂಕೋಲೆಯಿಂದ ಹೊರಟು ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳನ್ನು ಹಾಯ್ದು ಆಂಧ್ರದ ಗುತ್ತಿಯವರೆಗೆ ಹೋಗುತ್ತಿದ್ದಿತು. ಅರ್ಥಾತ್, ಬಾಳೆಗುಳಿಯಲ್ಲಿ ಪೂರ್ವಾಭಿಮುಖವಾಗಿ ನಿಂತವನ ಎದುರಿಗಿರುವ ದಾರಿಯು ಹಂಪೆಯ ಹೆಬ್ಬಾಗಿಲಿಗೆ ಒಯ್ಯುವ ದಾರಿಯಾಗಿದೆ.

ಈ ಸಂಬಂಧವು ಇಂದಿನ ಡಾಂಬರಿನ ರಸ್ತೆಯಿಂದ ಹುಟ್ಟಿದುದಲ್ಲ. ವಿಜಯನಗರದ ವೈಭವಕ್ಕೆ ಪಶ್ಚಿಮ ಕರಾವಳಿಯ ರೇವುಗಳೇ ಬಾಗಿಲುಗಳಾಗಿದ್ದವು. ಕಡಲಾಚೆಯ ಕುದುರೆಗಳು ಭಟ್ಕಳ, ಹೊನ್ನಾವರ ಮೊದಲಾದ ಬಂದರುಗಳಲ್ಲಿ ಇಳಿದು ಘಟ್ಟವನ್ನೇರಿ ರಾಜಧಾನಿಯನ್ನು ಸೇರುತ್ತಿದ್ದವು. ೧೫೬೫ರ ಯುದ್ಧದ ತರುವಾಯ, ೧೫೬೭ರಲ್ಲಿ, ವೆನಿಸ್ಸಿನ ವರ್ತಕನಾದ ಸೀಸರ್ ಫ್ರೆಡರಿಕನು ಗೋವೆಯಿಂದ ವಿಜಯನಗರಕ್ಕೆ ಬಂದನು. ಆತನು ಕಂಡುದು ಮನೆಗಳು ಇನ್ನೂ ನಿಂತಿದ್ದರೂ ಒಳಗೆ ಜನರಿಲ್ಲದ, ಕಾಡುಮೃಗಗಳು ಸೇರಿಕೊಂಡ ನಗರವನ್ನು. ಒಂದು ತಿಂಗಳಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕಾಗಿ ಅವನು ಅಲ್ಲಿ ಏಳು ತಿಂಗಳು ತಂಗಬೇಕಾಯಿತು. ಕಾರಣ, ದಾರಿಗಳಲ್ಲಿ ಕಳ್ಳರ ಹಾವಳಿ. ಕೊನೆಗೆ ಆತನು ಹಿಂದಿರುಗಿ ಕಡಲನ್ನು ಮುಟ್ಟಿದುದು ಗೇರುಸೊಪ್ಪೆಯ ರಾಣಿಯ ಆಳ್ವಿಕೆಗೆ ಸೇರಿದ್ದ ಅಂಕೋಲೆಯಲ್ಲಿ. ರಾಜ್ಯವು ಕುಸಿದಾಗ ಮೊದಲು ಕೆಡುವುದು ದಾರಿ ಎಂಬುದನ್ನು ಆ ವರ್ತಕನ ಬರೆಹವು ಸ್ಪಷ್ಟಪಡಿಸುತ್ತದೆ.

ದಾರಿಯೆಂದಮೇಲೆ ನದಿಯುಂಟು, ನದಿಯೆಂದಮೇಲೆ ದಾಟುವ ಚಿಂತೆಯುಂಟು. ಅಂಕೋಲೆಯ ಸೀಮೆಯಲ್ಲಿ ಹಳ್ಳವನ್ನು ದಾಟಲು ಮರದ ದಿಮ್ಮಿಗಳನ್ನು ಹಾಸಿ ಮಾಡುವ ಕಿರುಸೇತುವೆಗೆ 'ಸಂಕ' ಎನ್ನುತ್ತಾರೆ. ಹೊಳೆ ದೊಡ್ಡದಾದರೆ ಸಂಕವು ಸಾಲದು, ದೋಣಿಯ ತಾರಿಯೇ ಬೇಕು. ಗಂಗಾವಳಿ, ಕಾಳಿ, ಅಘನಾಶಿನಿ, ಶರಾವತಿಗಳ ದಂಡೆಯ ಜನರು ತಲೆತಲಾಂತರದಿಂದ ಬದುಕಿದುದು ಈ ಸಂಕ ಮತ್ತು ತಾರಿಗಳ ನಡುವೆಯೇ. ಆದರೆ ಇದೇ ಮಾರ್ಗದ ಪೂರ್ವದ ತುದಿಯಲ್ಲಿ, ತುಂಗಭದ್ರೆಯ ಬಂಡೆಗಳ ನಡುವೆ, ವಿಜಯನಗರ ಕಾಲದ ಶಿಲ್ಪಿಗಳು ಕಲ್ಲಿನಿಂದಲೇ ನದಿಯನ್ನು ದಾಟುವ ಸಾಹಸಕ್ಕೆ ಕೈಹಾಕಿದರು. ಆ ಶಿಲಾಸೇತುವಿನ ಅವಶೇಷ, ಅದರ ಚಾರಿತ್ರಿಕ ಮಹತ್ತ್ವ ಮತ್ತು ಅದರ ಸುತ್ತ ನಮ್ಮ ಕಾಲದಲ್ಲಿ ಎದ್ದ ವಿವಾದದ ತಾತ್ಪರ್ಯ, ಇವು ಪ್ರಕೃತ ಲೇಖನದ ವಿಷಯಗಳು.

೧. ಅವಶೇಷದ ಸ್ವರೂಪ

ಹಂಪೆಯ ವಿಠಲ ದೇವಾಲಯದ ಕಡೆಯಿಂದ ನದೀತೀರದಲ್ಲಿರುವ ಪುರಂದರ ಮಂಟಪದ ಬಳಿಗೆ ಹೋದರೆ, ನೀರು ಇಳಿದಿರುವ ದಿನಗಳಲ್ಲಿ, ನದಿಯ ಪಾತ್ರದಲ್ಲಿ ಸಾಲುಸಾಲಾಗಿ ನಿಂತ ಕಣಶಿಲೆಯ ಕಂಬಗಳು ಕಣ್ಣಿಗೆ ಬೀಳುತ್ತವೆ. ಕೆಲವು ನೆಟ್ಟಗೆ ನಿಂತಿವೆ, ಕೆಲವು ವಾಲಿವೆ, ಕೆಲವು ಮುರಿದು ಬಿದ್ದಿವೆ. ಮೇಲೆ ಹಾಸಿದ್ದ ದಾರಿಯು ಎಂದೋ ಹೋಗಿದೆ. ಆಚೆಯ ದಡದಲ್ಲಿ ಆನೆಗೊಂದಿಯ ಸೀಮೆ. ೧೩೩೬ರ ಸುಮಾರಿಗೆ ಸಂಗಮ ವಂಶದ ಸೋದರರು ರಾಜ್ಯವನ್ನು ಕಟ್ಟಿದಾಗ ನದಿಯ ಉತ್ತರದ ಆನೆಗೊಂದಿ ಮತ್ತು ದಕ್ಷಿಣದ ಹೊಸ ನಗರ ಎರಡೂ ಒಂದೇ ಒಡಲಿನ ಎರಡು ಭಾಗಗಳಾಗಿದ್ದವು. ಇಂದು ಹಂಪೆಯು ವಿಜಯನಗರ ಜಿಲ್ಲೆಗೂ ಆನೆಗೊಂದಿಯು ಕೊಪ್ಪಳ ಜಿಲ್ಲೆಗೂ ಸೇರಿರುವುದರಿಂದ ಈ ಏಕತೆಯು ಸುಲಭವಾಗಿ ಮನಸ್ಸಿಗೆ ಬರುವುದಿಲ್ಲ. ಸೇತುವೆಯ ಕಂಬಗಳು ಮಾತ್ರ ಅದನ್ನು ಇನ್ನೂ ಜ್ಞಾಪಿಸುತ್ತಿವೆ.

ಈ ರಚನೆಯಲ್ಲಿ ಕಮಾನಿಲ್ಲ. ವಿಜಯನಗರದ ಶಿಲ್ಪಿಗಳಿಗೆ ಕಮಾನು ತಿಳಿಯದ ವಿದ್ಯೆಯಾಗಿರಲಿಲ್ಲ. ಅರಮನೆಯ ಆವರಣದ ಕಮಲಮಹಲಿನಲ್ಲಿ ಅದರ ಬಳಕೆಯಿದೆ. ಆದರೂ ನದಿಯಲ್ಲಿ ಅವರು ಅವಲಂಬಿಸಿದುದು ಕಂಬ, ತೊಲೆ, ಚಪ್ಪಡಿಗಳ ದೇಶೀಯ ಕ್ರಮವನ್ನೇ. ಕಲ್ಲು ತನ್ನ ಮೇಲೆ ಬಿದ್ದ ಭಾರವನ್ನು ಎಷ್ಟಾದರೂ ಹೊರಬಲ್ಲದು, ಆದರೆ ಬಾಗುವುದನ್ನು ತಾಳಲಾರದು. ಆದ್ದರಿಂದ ಕಲ್ಲಿನ ತೊಲೆಯ ನೀಳವನ್ನು ಒಂದು ಮಿತಿಗಿಂತ ಹೆಚ್ಚಿಸುವಂತಿಲ್ಲ. ಕಂಬಗಳ ಸಾಲುಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕು. ಒತ್ತೊತ್ತಾಗಿ ನಿಲ್ಲಿಸಿದರೆ ಪ್ರವಾಹಕ್ಕೆ ತಡೆಯಾಗುತ್ತದೆ. ತಡೆದ ನೀರು ಕಂಬಗಳನ್ನೇ ನೂಕುತ್ತದೆ. ಈ ಎರಡರ ನಡುವಣ ಹದವನ್ನು ಹುಡುಕುವುದೇ ಶಿಲಾಸೇತುವೆಯ ಶಿಲ್ಪಿಯ ಮುಖ್ಯ ಸಮಸ್ಯೆ. ದಪ್ಪ ಗೋಡೆಗಳ ಬದಲು ತೆಳುವಾದ ಬಿಡಿಗಂಬಗಳನ್ನು ನಿಲ್ಲಿಸಿ, ನೀರು ನಡುವೆ ಹರಿದುಹೋಗಲು ಎಡೆಗೊಟ್ಟುದು ಈ ಸಮಸ್ಯೆಗೆ ಅವರು ಕಂಡುಕೊಂಡ ಉತ್ತರವಾಗಿದೆ.

ಹಂಪೆಯ ಬಂಡೆಗಳಲ್ಲಿ ಇಂದಿಗೂ ಸಾಲಾಗಿ ಕೊರೆದ ಚಿಕ್ಕ ಚಿಕ್ಕ ಕುಳಿಗಳು ಕಾಣಸಿಗುತ್ತವೆ. ಈ ಕುಳಿಗಳಲ್ಲಿ ಬೆಣೆಗಳನ್ನು ಬಡಿದು ಬಂಡೆಯನ್ನು ಗೆರೆಕೊಯ್ದಂತೆ ಸೀಳುತ್ತಿದ್ದರು. ಅರಮನೆಯ ಅಡಿಗಲ್ಲಿಗೂ, ದೇವಾಲಯದ ಕಂಬಕ್ಕೂ, ಕಾಲುವೆಯ ಕಟ್ಟಣೆಗೂ, ಸೇತುವೆಯ ಸ್ತಂಭಕ್ಕೂ ಕಲ್ಲು ಬಂದುದು ಈ ಒಂದೇ ವಿದ್ಯೆಯಿಂದ. ಆನೆಗೊಂದಿಯ ಕಡೆ ಕಲ್ಲುಕಂಬಗಳ ಮೇಲೆ ನೀರನ್ನು ಸಾಗಿಸಲು ಕಟ್ಟಿದ, ಬುಕ್ಕನ ಹೆಸರಿನಿಂದ ಪ್ರಸಿದ್ಧವಾಗಿರುವ ಮೇಲ್ಗಾಲುವೆಯೂ ಇದೇ ಪರಂಪರೆಗೆ ಸೇರಿದುದು. ಒಂದರಲ್ಲಿ ಕಂಬಗಳ ಮೇಲೆ ನೀರು, ಕೆಳಗೆ ನೆಲ. ಇನ್ನೊಂದರಲ್ಲಿ ಕಂಬಗಳ ಮೇಲೆ ನೆಲ, ಕೆಳಗೆ ನೀರು. ಎರಡನ್ನೂ ಒಟ್ಟಿಗೆ ನೋಡಿದಾಗಲೇ ಆ ಕಾಲದ ನಿರ್ಮಾಣವಿದ್ಯೆಯ ಪೂರ್ಣ ಚಿತ್ರವು ದೊರೆಯುತ್ತದೆ. ಅಂದಿನ ಹಲವು ಕಾಲುವೆಗಳು ಇಂದಿಗೂ ಹೊಲಗದ್ದೆಗಳಿಗೆ ನೀರೂಡಿಸುತ್ತಿರುವುದು ಈ ವಿದ್ಯೆಯ ಸತ್ತ್ವಕ್ಕೆ ಸಾಕ್ಷಿ.

೨. ಸೇತುವೆ ಮತ್ತು ಹರಿಗೋಲು

ಇಲ್ಲಿ ಒಂದು ಕುತೂಹಲದ ಪ್ರಶ್ನೆಯೇಳುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ, ೧೫೨೦ರ ಸುಮಾರಿಗೆ, ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನ ವೃತ್ತಾಂತವನ್ನು ರಾಬರ್ಟ್ ಸೀವೆಲ್ಲರು ೧೯೦೦ರಲ್ಲಿ ತಮ್ಮ ಗ್ರಂಥದಲ್ಲಿ ಪ್ರಕಟಿಸಿದರು. ಆನೆಗೊಂದಿಗೆ ಜನರು ದಾಟುತ್ತಿದ್ದ ಬಗೆಯನ್ನು ಪಾಯೆಸನು ಸವಿವರವಾಗಿ ಹೇಳಿದ್ದಾನೆ. ಬುಟ್ಟಿಯಂತೆ ದುಂಡಾದ, ಒಳಗೆ ಬೆತ್ತದ ಹೆಣಿಗೆಯೂ ಹೊರಗೆ ಚರ್ಮದ ಹೊದಿಕೆಯೂ ಉಳ್ಳ ದೋಣಿಗಳವು. ಹದಿನೈದು ಇಪ್ಪತ್ತು ಮಂದಿಯನ್ನು ಹೊರಬಲ್ಲವು. ಅಗತ್ಯಬಿದ್ದರೆ ಕುದುರೆ, ಎತ್ತುಗಳನ್ನೂ ಅವುಗಳಲ್ಲಿ ಸಾಗಿಸಬಹುದಾದರೂ ಸಾಮಾನ್ಯವಾಗಿ ಪ್ರಾಣಿಗಳು ಈಜಿಯೇ ದಾಟುತ್ತವೆ. ಹುಟ್ಟು ಹಾಕಿದಂತೆ ಅವು ತಿರುಗುತ್ತ ತಿರುಗುತ್ತ ಸಾಗುತ್ತವೆ ಎಂಬುದು ಅವನ ವರ್ಣನೆಯ ಸಾರ. ಇವು ನಮ್ಮ ಹರಿಗೋಲುಗಳೇ ಎಂಬುದರಲ್ಲಿ ಸಂದೇಹವಿಲ್ಲ.

ಕಲ್ಲಿನ ಸೇತುವೆಯನ್ನು ಕಟ್ಟಿದ ರಾಜಧಾನಿಯಲ್ಲಿ, ಅದರ ವೈಭವದ ಶಿಖರಕಾಲದಲ್ಲಿ, ಜನರು ಹರಿಗೋಲಿನಲ್ಲಿ ದಾಟುತ್ತಿದ್ದರೆ ಅದಕ್ಕೆ ಎರಡು ಕಾರಣಗಳನ್ನು ಊಹಿಸಬಹುದು. ಸೇತುವೆಯು ಆ ವೇಳೆಗಾಗಲೇ ಪ್ರವಾಹಕ್ಕೆ ಸಿಕ್ಕಿ ಕೆಟ್ಟಿದ್ದಿರಬಹುದು. ಇಲ್ಲವೇ, ಒಂದು ಸ್ಥಳದಲ್ಲಿ ಸೇತುವೆಯೂ ಇನ್ನೊಂದು ಘಟ್ಟದಲ್ಲಿ ಹರಿಗೋಲೂ ಏಕಕಾಲದಲ್ಲಿ ಬಳಕೆಯಲ್ಲಿದ್ದಿರಬಹುದು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಸಿದ್ಧವಾಗುವ ಸಂಗತಿಯೊಂದುಂಟು. ಶಿಲೆಯು ಕೆಟ್ಟ ಕಡೆಯಲ್ಲಿಯೂ, ಶಿಲೆಯಿಲ್ಲದ ಕಡೆಯಲ್ಲಿಯೂ, ಜನರನ್ನು ದಡಮುಟ್ಟಿಸಿದುದು ಬೆತ್ತ ಮತ್ತು ತೊಗಲಿನ ಹಗುರವಾದ ಆ ಬುಟ್ಟಿಯೇ. ಸೇತುವೆಯ ಚರಿತ್ರೆಯನ್ನು ಬರೆಯುವವನು ಅಂಬಿಗನ ಚರಿತ್ರೆಯನ್ನು ಬಿಡುವಂತಿಲ್ಲ.

ಈ ಮಾತು ವೀರಶೈವ ಸಾಹಿತ್ಯದ ಅಭ್ಯಾಸಿಗಳಿಗೆ ವಿಶೇಷವಾಗಿ ಹತ್ತಿರವಾದುದು. ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನು ದೋಣಿ ನಡೆಸುವುದನ್ನೇ ಕಾಯಕವನ್ನಾಗಿಸಿಕೊಂಡಿದ್ದುದು ಇದೇ ತುಂಗಭದ್ರೆಯಲ್ಲಿ, ಹಂಪೆಗಿಂತ ಮೇಲಣ ಹರಿವಿನಲ್ಲಿ. ಇಂದಿನ ಹಾವೇರಿ ಜಿಲ್ಲೆಯ ಚೌಡದಾನಪುರದಲ್ಲಿ ಮುಕ್ತೇಶ್ವರ ದೇವಾಲಯದೊಂದಿಗೆ ಆತನ ನೆನಪೂ ಬೆರೆತಿದೆ. ತನ್ನ ಹೆಸರನ್ನೇ ವಚನಗಳ ಅಂಕಿತವನ್ನಾಗಿ ಇರಿಸಿಕೊಂಡ ಆತನು, ತನ್ನ ವೃತ್ತಿಯ ಪರಿಭಾಷೆಯಾದ ದೋಣಿ, ಹುಟ್ಟು, ಹೊಳೆ, ತಡಿಗಳನ್ನು ಆಧ್ಯಾತ್ಮದ ಪರಿಭಾಷೆಯಾಗಿ ಪರಿವರ್ತಿಸಿದನು. ದಾಟಿಸುವವನಿಲ್ಲದೆ ದಾಟುವಿಕೆಯಿಲ್ಲ ಎಂಬ ತತ್ತ್ವವು ಅವನಿಗೆ ಗ್ರಂಥದಿಂದ ಬಂದುದಲ್ಲ, ದಿನನಿತ್ಯದ ದುಡಿಮೆಯಿಂದ ಬಂದುದು. ವಚನಕಾರರಲ್ಲಿ ಆತನಷ್ಟು ನಿಷ್ಠುರವಾಗಿ ನುಡಿದವರು ವಿರಳ. ಆ ನಿಷ್ಠುರತೆಯ ಹಿಂದೆ, ಮೇಲು ಕೀಳೆನ್ನದೆ ಎಲ್ಲರನ್ನೂ ಒಂದೇ ದೋಣಿಯಲ್ಲಿ ಕೂರಿಸಿ ದಾಟಿಸಿದವನ ಲೋಕಾನುಭವವಿದೆ.

೩. ಸ್ಥಾವರದ ಪ್ರಶ್ನೆ

ಶರಣರ ಅನುಯಾಯಿಗಳಿಗೆ ಇಲ್ಲಿ ಒಂದು ಆಕ್ಷೇಪವು ಸಹಜವಾಗಿಯೇ ತೋರೀತು. ಸ್ಥಾವರಕ್ಕೆ ಅಳಿವುಂಟೆಂದೂ ಜಂಗಮಕ್ಕೆ ಇಲ್ಲವೆಂದೂ ಸಾರಿದ ಪರಂಪರೆಯು, ಮುರಿದು ಬಿದ್ದ ಕಲ್ಲುಕಂಬಗಳ ರಕ್ಷಣೆಗಾಗಿ ಏಕೆ ಚಿಂತಿಸಬೇಕು? ಕಲ್ಲಿನ ಗುಡಿಗಿಂತ ದೇಹವೇ ದೇಗುಲವೆಂದ ಬಸವಣ್ಣನವರ ನಿಲವಿಗೆ ಪುರಾತತ್ತ್ವದ ಆರಾಧನೆಯು ವಿರುದ್ಧವಲ್ಲವೆ?

ಈ ಪ್ರಶ್ನೆಗೆ ಉತ್ತರವನ್ನು ಶೂನ್ಯಸಂಪಾದನೆಯಲ್ಲಿಯೇ ಹುಡುಕಬೇಕು. ಸೊನ್ನಲಿಗೆಯ ಸಿದ್ಧರಾಮನು ಕೆರೆ ತೋಡಿಸಿ, ಗುಡಿ ಕಟ್ಟಿಸಿ, ಸಹಸ್ರಾರು ಜನರನ್ನು ದುಡಿಮೆಗೆ ತೊಡಗಿಸಿದ್ದ ಕರ್ಮಯೋಗಿ. ಅಲ್ಲಿಗೆ ಬಂದ ಅಲ್ಲಮಪ್ರಭುವು ಆತನನ್ನು ಒಡ್ಡನೆಂದು ಕರೆದು ಕೆಣಕಿದನೆಂದೂ, ಕುಪಿತರಾದ ಕೆಲಸಗಾರರು ಪ್ರಭುವಿನ ಮೇಲೆ ಕಲ್ಲೆಸೆದರೆಂದೂ, ತರುವಾಯ ಸಂವಾದ ನಡೆದು ಸಿದ್ಧರಾಮನು ಪ್ರಭುವಿನೊಡನೆ ಕಲ್ಯಾಣಕ್ಕೆ ಬಂದನೆಂದೂ ಅಲ್ಲಿ ನಿರೂಪಿತವಾಗಿದೆ. ಈ ಪ್ರಸಂಗವನ್ನು ಲೋಕೋಪಕಾರದ ಕಾರ್ಯಗಳ ನಿರಾಕರಣೆಯೆಂದು ಓದುವುದು ಉಚಿತವಲ್ಲ. ಪ್ರಭುವು ಪ್ರಶ್ನಿಸಿದುದು ಕೆರೆಯನ್ನಲ್ಲ, ಕೆರೆಯನ್ನು ಕಟ್ಟಿದೆನೆಂಬ ಅಭಿಮಾನವನ್ನು. ನೀರಡಿಸಿದವರು ಕುಡಿಯುವ ನೀರು ಅಭಿಮಾನದ ವಸ್ತುವಲ್ಲ. ಕಲ್ಯಾಣದ ಶರಣನಾದ ಮೇಲೂ ಸಿದ್ಧರಾಮನ ಹೆಸರು ಸೊನ್ನಲಿಗೆಯ ಕೆರೆಯಿಂದ ಬೇರ್ಪಡಲಿಲ್ಲ. ರಾಘವಾಂಕನು ಆತನ ಚರಿತ್ರೆಯನ್ನು ಕಾವ್ಯವಾಗಿಸುವಾಗ ಆ ಲೋಕಹಿತದ ಮುಖವನ್ನು ಮರೆಯಲಿಲ್ಲ.

ಸೇತುವೆಯ ವಿಷಯದಲ್ಲಿ ಈ ವಿವೇಚನೆಯು ಇನ್ನೂ ಸ್ಫುಟವಾಗುತ್ತದೆ. ಸೇತುವೆಯು ತನಗಾಗಿ ನಿಂತ ಸ್ಥಾವರವಲ್ಲ. ಅದು ನಿಂತಿರುವುದು ಚಲಿಸುವವರಿಗಾಗಿ. ಸ್ಥಾವರವೊಂದು ಜಂಗಮದ ಸೇವೆಗೆ ಸಂಪೂರ್ಣವಾಗಿ ಅರ್ಪಿತವಾದ ಉದಾಹರಣೆಯನ್ನು ಲೋಕದಲ್ಲಿ ತೋರಿಸೆಂದರೆ ಸೇತುವೆಯನ್ನು ತೋರಿಸಬಹುದು. ಅಲ್ಲಿ ಪೂಜೆಯಿಲ್ಲ, ಗರ್ಭಗುಡಿಯಿಲ್ಲ, ಒಳಹೊರಗೆಂಬ ಭೇದವಿಲ್ಲ. ಕಾಲಿಟ್ಟ ಯಾರನ್ನೂ ಅದು ಆಚೆಯ ದಡಕ್ಕೆ ಮುಟ್ಟಿಸುತ್ತದೆ. ಪ್ರಾಚೀನರು ಎಣಿಸಿದ ಸಪ್ತಸಂತಾನಗಳಲ್ಲಿ ಪುತ್ರ, ನಿಧಿ, ಅಗ್ರಹಾರ, ದೇವಾಲಯ, ಉದ್ಯಾನ, ತಟಾಕ, ಪ್ರಬಂಧಗಳು ಸೇರಿವೆ; ಸೇತುವೆಗೆ ಅಲ್ಲಿ ಸ್ಥಾನವಿಲ್ಲ. ಕೀರ್ತಿಗಾಗಿ ಕಟ್ಟುವವರು ಕೆರೆಯನ್ನೂ ಗುಡಿಯನ್ನೂ ಕಟ್ಟಿದಷ್ಟು ಸೇತುವೆಯನ್ನು ಕಟ್ಟದಿರಲು ಇದೂ ಒಂದು ಕಾರಣವಿದ್ದೀತು. ಆದುದರಿಂದಲೇ ಉಳಿದುಬಂದ ಒಂದೊಂದು ಶಿಲಾಸೇತುವೂ ಅಮೂಲ್ಯ.

ಹಂಪೆಯ ನೆಲಕ್ಕೂ ವೀರಶೈವಕ್ಕೂ ಇರುವ ನಂಟನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ರಗಳೆಗಳ ಹರಿಹರನೂ ಆತನ ಸೋದರಳಿಯ ರಾಘವಾಂಕನೂ ಪಂಪಾಪುರದ ವಿರೂಪಾಕ್ಷನ ಸನ್ನಿಧಿಯವರು. ಭೀಮಕವಿಯ ಬಸವಪುರಾಣವು ೧೩೬೯ರಲ್ಲಿ ರಚಿತವಾಯಿತು. ಪ್ರೌಢದೇವರಾಯನ ಆಳ್ವಿಕೆಯಲ್ಲಿ, ಅಂದರೆ ೧೪೨೪ರಿಂದ ೧೪೪೬ರವರೆಗಿನ ಅವಧಿಯಲ್ಲಿ, ಲಕ್ಕಣ್ಣ ದಂಡೇಶನು ಶಿವತತ್ತ್ವಚಿಂತಾಮಣಿಯನ್ನೂ ಚಾಮರಸನು ಪ್ರಭುಲಿಂಗಲೀಲೆಯನ್ನೂ ರಚಿಸಿದರು. ನೂರೊಂದು ವಿರಕ್ತರ ಪರಂಪರೆಯು ನೆಲೆಗೊಂಡಿತು. ಕಲ್ಯಾಣದ ಕ್ರಾಂತಿಯ ತರುವಾಯ ಚದುರಿಹೋಗಿದ್ದ ವಚನಗಳ ಸಂಕಲನ ಮತ್ತು ವ್ಯಾಖ್ಯಾನಕಾರ್ಯವು ಹೊಸ ಚೈತನ್ಯವನ್ನು ಪಡೆಯಿತು. ಹನ್ನೆರಡನೆಯ ಶತಮಾನದ ನುಡಿಯನ್ನು ಮುಂದಿನ ತಲೆಮಾರಿಗೆ ದಾಟಿಸಿದ ಈ ಕಾರ್ಯವೂ ಒಂದು ಸೇತುಬಂಧನವೇ. ಓಲೆಗರಿಯ ಸೇತುವೆಯು ಉಳಿಯಿತು. ಕಲ್ಲಿನ ಸೇತುವೆಯು ಮುರಿಯಿತು. ಓಲೆಗರಿಯು ಉಳಿದುದು ಕಲ್ಲಿಗಿಂತ ಗಟ್ಟಿಯಾಗಿದ್ದುದರಿಂದಲ್ಲ, ಪ್ರತಿ ತಲೆಮಾರಿನವರೂ ಅದನ್ನು ಮರಳಿ ಪ್ರತಿಮಾಡಿದುದರಿಂದ.

೪. ಹೊಸ ಸೇತುವೆಯ ವಿವಾದ

೧೯೮೬ರಲ್ಲಿ ಹಂಪೆಯ ಸ್ಮಾರಕಸಮೂಹವು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹದಿಮೂರು ವರ್ಷಗಳ ಬಳಿಕ, ೧೯೯೯ರಲ್ಲಿ, ಅದೇ ಸಂಸ್ಥೆಯು ಹಂಪೆಯನ್ನು ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾರಣವಾದುದು ಶತ್ರುಸೈನ್ಯವಲ್ಲ, ಭೂಕಂಪವಲ್ಲ, ಸೇತುವೆಗಳು. ತಳವಾರಘಟ್ಟದಿಂದ ಆನೆಗೊಂದಿಗೆ ವಾಹನಗಳಿಗಾಗಿ ಒಂದು, ವಿರೂಪಾಕ್ಷ ದೇವಾಲಯದ ಸಮೀಪದಿಂದ ವಿರೂಪಾಪುರ ಗಡ್ಡೆಗೆ ಪಾದಚಾರಿಗಳಿಗಾಗಿ ಇನ್ನೊಂದು, ಹೀಗೆ ಎರಡು ತೂಗುಸೇತುವೆಗಳ ನಿರ್ಮಾಣವು ಆರಂಭವಾಗಿದ್ದಿತು. ಭಾರವಾದ ವಾಹನಗಳು ಪ್ರಾಚೀನ ನಗರದ ಹೃದಯಭಾಗವನ್ನು ಹಾಯ್ದುಹೋಗುವುದರಿಂದ ಸ್ಮಾರಕಗಳಿಗೆ ಧಕ್ಕೆಯೆಂದೂ, ಹೊಸ ರಚನೆಗಳಿಂದ ನದಿ, ಬಂಡೆ, ದೇವಾಲಯಗಳ ಸಮಗ್ರ ದೃಶ್ಯವು ಕೆಡುವುದೆಂದೂ ಆಕ್ಷೇಪಗಳು ಬಂದವು. ಕೆಲಸವು ನಿಂತಿತು. ಕ್ಷೇತ್ರದ ಸಮಗ್ರ ನಿರ್ವಹಣೆಗಾಗಿ ರಾಜ್ಯವು ೨೦೦೨ರ ಅಧಿನಿಯಮದ ಮೂಲಕ ಹಂಪಿ ವಿಶ್ವಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ರೂಪಿಸಿತು. ೨೦೦೬ರಲ್ಲಿ ಹಂಪೆಯ ಹೆಸರನ್ನು ಅಪಾಯದ ಪಟ್ಟಿಯಿಂದ ತೆಗೆಯಲಾಯಿತು.

ಈ ವಿವಾದದಲ್ಲಿ ಎರಡು ಪಕ್ಷಗಳಿದ್ದವು, ಎರಡರಲ್ಲಿಯೂ ನ್ಯಾಯವಿದ್ದಿತು. ಆನೆಗೊಂದಿಯ ಕಡೆಯ ಜನರಿಗೆ ಆಸ್ಪತ್ರೆ, ಶಾಲೆ, ಸಂತೆಗಳು ಬೇಕು. ಎದುರಿಗೆ ಕಾಣುವ ದಡವನ್ನು ಮುಟ್ಟಲು ದೂರದ ದಾರಿಯನ್ನು ಸುತ್ತಿಬರಬೇಕೆಂದರೆ ಅದು ಕಷ್ಟ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಹರಿಗೋಲನ್ನು ನಂಬುವಂತಿಲ್ಲ. ಪರಂಪರೆಯ ಹೆಸರಿನಲ್ಲಿ ತಮ್ಮನ್ನು ಇನ್ನೂ ಪಾಯೆಸನ ಕಾಲದಲ್ಲಿಯೇ ಇರಿಸಬೇಕೆ ಎಂದು ಅವರು ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವುದು ಸಲ್ಲದು. ಮತ್ತೊಂದೆಡೆ, ಒಮ್ಮೆ ಕೆಟ್ಟ ಪ್ರಾಚೀನ ನಗರವನ್ನು ಮತ್ತೆ ಕಟ್ಟಲಾಗದು. ಸೇತುವೆಯ ಸ್ಥಳವನ್ನು ಬದಲಿಸಬಹುದು, ವಿಠಲ ದೇವಾಲಯದ ಸ್ಥಳವನ್ನು ಬದಲಿಸಲಾಗದು. ಈ ಎರಡು ನ್ಯಾಯಗಳನ್ನು ಹೊಂದಿಸುವ ಕೆಲಸವು ಅಡಿಗಲ್ಲಿಡುವುದಕ್ಕೆ ಮೊದಲೇ ಆಗಬೇಕಾಗಿದ್ದಿತು. ಆಗಲಿಲ್ಲ.

ಅದರ ಫಲವು ದಾರುಣವಾಯಿತು. ಮತ್ತೆ ಕೈಗೆತ್ತಿಕೊಂಡಿದ್ದ ಆನೆಗೊಂದಿಯ ಸೇತುವೆಯು ೨೦೦೯ರ ಜನವರಿ ೨೨ರಂದು, ನಿರ್ಮಾಣದಲ್ಲಿರುವಾಗಲೇ, ಕುಸಿದು ನದಿಗೆ ಬಿದ್ದಿತು. ಅದರ ಮೇಲೆ ದುಡಿಯುತ್ತಿದ್ದ ಕೂಲಿಕಾರರಲ್ಲಿ ಹಲವರು ಪ್ರಾಣ ಕಳೆದುಕೊಂಡರು. ಪ್ರಾಚೀನ ಸೇತುವೆಯ ಕಂಬಗಳನ್ನು ನಿಲ್ಲಿಸಿದವರ ಹೆಸರು ಹೇಗೆ ಜನರ ನಾಲಗೆಯಲ್ಲಿ ಉಳಿಯಲಿಲ್ಲವೋ ಹಾಗೆಯೇ ಇವರ ಹೆಸರುಗಳೂ ಕೆಲವು ವರ್ಷಗಳಲ್ಲಿ ಮರೆತುಹೋದವು. ಕಾಯಕವನ್ನೇ ಕೈಲಾಸವೆಂದು ಭಾವಿಸಿದ ಪರಂಪರೆಗೆ ಸೇರಿದವರು ಹಂಪೆಯ ಸೇತುವೆಯ ಮಾತನ್ನೆತ್ತಿದಾಗ ಶಿಲ್ಪದ ಸೊಬಗನ್ನು ಹೇಳುವಷ್ಟೇ ಆದರದಿಂದ ಈ ದುಡಿಮೆಗಾರರ ಸಾವನ್ನೂ ಹೇಳಬೇಕು. ಮುಂದೆ, ಪ್ರಾಚೀನ ನಗರದ ಹೃದಯಭಾಗವನ್ನು ಬಿಟ್ಟು, ಬುಕ್ಕಸಾಗರ ಮತ್ತು ಕಡೆಬಾಗಿಲುಗಳ ನಡುವೆ ಸೇತುವೆಯು ನಿರ್ಮಾಣವಾಯಿತು. ಇಂದು ವಾಹನಗಳು ಅಲ್ಲಿಂದ ದಾಟುತ್ತಿವೆ. ಸ್ಥಳಪರಿವರ್ತನೆಯಿಂದ ಎರಡು ಪಕ್ಷಗಳ ನ್ಯಾಯವನ್ನೂ ಉಳಿಸಬಹುದೆಂಬುದನ್ನು ಇದು ತೋರಿಸಿಕೊಟ್ಟಿದೆ. ಆದರೆ ಆ ಪಾಠವನ್ನು ಕಲಿಯಲು ತೆತ್ತ ಬೆಲೆಯು ಬಲು ಹೆಚ್ಚಿನದು.

೫. ಹಳೆಯದು, ಹೊಸದು

ಶಿಲಾಸೇತುವೆಯ ವಿದ್ಯೆಯು ವಿಜಯನಗರದೊಂದಿಗೇ ಮುಗಿಯಲಿಲ್ಲ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, ೧೮೦೪ರಲ್ಲಿ, ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಟ್ಟಿದ ವೆಲ್ಲೆಸ್ಲಿ ಸೇತುವೆಯು ಆಂಗ್ಲರ ಹೆಸರನ್ನು ಹೊತ್ತಿದ್ದರೂ ಕಲ್ಲುಕಂಬ, ಬೋದಿಗೆ, ತೊಲೆ, ಚಪ್ಪಡಿಗಳ ದೇಶೀಯ ಕ್ರಮದಲ್ಲಿಯೇ ನಿರ್ಮಿತವಾದುದು. ಶಿವನಸಮುದ್ರದಲ್ಲಿ ರಾಮಸ್ವಾಮಿ ಮೊದಲಿಯಾರರು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿಸಿದ ಸೇತುವೆಗಳೂ ಇದೇ ಜಾತಿಯವು. ಅವುಗಳಲ್ಲಿ ಒಂದರ ಭಾಗವು ೨೦೧೮ರ ಕಾವೇರಿಯ ಪ್ರವಾಹದಲ್ಲಿ ಕೊಚ್ಚಿಹೋಯಿತು. ಇನ್ನೂರು ವರ್ಷಗಳ ಕಾಲ ನಿಂತ ಕಲ್ಲು ಒಂದು ಮಳೆಗಾಲದಲ್ಲಿ ಹೋದಾಗ, ಅದರ ಬದಿಯಲ್ಲಿಯೇ ಹೊಸ ಸೇತುವೆಯಿದ್ದುದರಿಂದ, ಸಂಚಾರಕ್ಕೆ ಅಡ್ಡಿಯಾಗಲಿಲ್ಲ. ಆದರೆ ನಾಡಿನ ಶಿಲ್ಪಚರಿತ್ರೆಯ ಒಂದು ಪುಟವು ಹರಿದುಹೋಯಿತು.

ಹೊಸದೆಲ್ಲವೂ ಸ್ಥಿರ, ಹಳೆಯದೆಲ್ಲವೂ ಅಸ್ಥಿರ ಎಂಬ ಭಾವನೆಗೂ ಆಧಾರವಿಲ್ಲ. ಬಾಳೆಗುಳಿಯಿಂದ ಉತ್ತರಕ್ಕೆ, ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡಗಳ ನಡುವೆ ಕಾಳಿನದಿಗೆ ೧೯೮೩ರಲ್ಲಿ ಕಟ್ಟಿದ್ದ ಸೇತುವೆಯು ೨೦೨೪ರ ಆಗಸ್ಟ್ ೭ರ ನಸುಕಿನಲ್ಲಿ ಕುಸಿದುಬಿದ್ದಿತು. ಅದರೊಂದಿಗೆ ನದಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿದುದು ಸಮಾಧಾನದ ಸಂಗತಿ. ನಾಲ್ವತ್ತೊಂದು ವರ್ಷಗಳು ಸೇತುವೆಯ ಆಯುಸ್ಸಿನಲ್ಲಿ ದೊಡ್ಡ ಅವಧಿಯಲ್ಲ. ಅದೇ ವಾರದಲ್ಲಿ, ಆಗಸ್ಟ್ ೧೦ರ ರಾತ್ರಿ, ಹಂಪೆಯ ಮೇಲ್ಭಾಗದಲ್ಲಿರುವ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ತೂಬುಬಾಗಿಲು ಸರಪಳಿ ಕಡಿದು ಕೊಚ್ಚಿಹೋಯಿತು. ಅಣೆಕಟ್ಟಿನಿಂದ ಹೆಚ್ಚಿನ ನೀರನ್ನು ಬಿಟ್ಟಾಗಲೆಲ್ಲ ಪುರಂದರ ಮಂಟಪವು ಮುಳುಗುತ್ತದೆ. ಪ್ರಾಚೀನ ಸೇತುವೆಯ ಕಂಬಗಳೂ ಆ ಹೊಡೆತವನ್ನು ಎದುರಿಸುತ್ತವೆ. ಕಲ್ಲಾಗಲಿ ಕಾಂಕ್ರೀಟಾಗಲಿ, ಉಳಿಯುವುದು ತನ್ನ ಬಲವೊಂದರಿಂದಲೇ ಅಲ್ಲ, ಕಾಯುವವರ ಎಚ್ಚರದಿಂದ.

೬. ಧರ್ಮಸೇತು

'ಸೇತು' ಎಂಬ ಸಂಸ್ಕೃತ ಪದಕ್ಕೆ ಕಟ್ಟು, ಕಟ್ಟೆ, ಒಡ್ಡು, ಸೇತುವೆ ಎಂಬ ಅರ್ಥಗಳೆಲ್ಲವೂ ಉಂಟು. ನೀರನ್ನು ತಡೆಯುವುದೂ ಸೇತು, ನೀರನ್ನು ದಾಟಿಸುವುದೂ ಸೇತು. ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ ಒಂದು ಪ್ರಸಿದ್ಧ ಶ್ಲೋಕದಲ್ಲಿ ಈ ಶಬ್ದವು ಅತ್ಯಂತ ಅರ್ಥವತ್ತಾಗಿ ಬಳಕೆಯಾಗಿದೆ. ದಾನವೆಂಬುದು ಎಲ್ಲ ಅರಸರಿಗೂ ಸಮಾನವಾದ ಧರ್ಮಸೇತುವೆಂದೂ, ಕಾಲಕಾಲಕ್ಕೆ ಬರುವವರು ಅದನ್ನು ಕಾಪಾಡಬೇಕೆಂದೂ ರಾಮಚಂದ್ರನು ಮುಂಬರುವ ದೊರೆಗಳನ್ನು ಮತ್ತೆ ಮತ್ತೆ ಬೇಡುತ್ತಾನೆ ಎಂಬುದು ಅದರ ಅಭಿಪ್ರಾಯ. ಕೊಡುವುದು ಮತ್ತು ಕಾಪಾಡುವುದು ಎರಡರಲ್ಲಿ ಕಾಪಾಡುವುದೇ ಮೇಲೆಂದು ಸಾರುವ ಇನ್ನೊಂದು ಶ್ಲೋಕವೂ ಶಾಸನಗಳಲ್ಲಿ ಪದೇ ಪದೇ ಕಾಣುತ್ತದೆ. ಹೊಸದಾಗಿ ಕಟ್ಟುವವನಿಗೆ ಹೆಸರು ಬರುತ್ತದೆ; ಹಿಂದಿನವರು ಕಟ್ಟಿದುದನ್ನು ಉಳಿಸುವವನಿಗೆ ಹೆಸರು ಬರುವುದಿಲ್ಲ. ಬಾರದಿರುವುದರಿಂದಲೇ ಅದು ದೊಡ್ಡ ಪುಣ್ಯವೆಂದು ನಮ್ಮ ಪೂರ್ವಿಕರು ಬಗೆದರು.

ಇಂದು ಅರಸರಿಲ್ಲ, ಶಾಸನಗಳ ಶಾಪವಾಕ್ಯಗಳಿಗೆ ಅಂಜುವವರೂ ಇಲ್ಲ. ಅವುಗಳ ಸ್ಥಾನದಲ್ಲಿ ವಿಧಿಗಳಿವೆ. ಕೇಂದ್ರ ಸರ್ಕಾರದ ೧೯೫೮ರ ಪ್ರಾಚೀನ ಸ್ಮಾರಕಗಳ ಅಧಿನಿಯಮ, ಕರ್ನಾಟಕದ ೧೯೬೧ರ ಅಧಿನಿಯಮಗ��ು ಮುಖ್ಯವಾದವು. ಕೇಂದ್ರದ ವಿಧಿಗೆ ೨೦೧೦ರಲ್ಲಿ ಆದ ತಿದ್ದುಪಡಿಯ ಪ್ರಕಾರ ರಾಷ್ಟ್ರಸಂರಕ್ಷಿತ ಸ್ಮಾರಕದ ಸುತ್ತಲಿನ ೧೦೦ ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ ೨೦೦ ಮೀಟರ್ ನಿಯಂತ್ರಿತ ಪ್ರದೇಶ. ಈ ಗಡಿಗಳು ಅವಶ್ಯ. ಆದರೆ ಸೇತುವೆಯಂತಹ ಸ್ಮಾರಕಕ್ಕೆ ಅಪಾಯವು ನೆಲದ ಮೇಲಿಂದ ಮಾತ್ರ ಬರುವುದಿಲ್ಲ, ನದಿಯ ಮೇಲ್ಭಾಗದಿಂದಲೂ ಬರುತ್ತದೆ. ಗಡಿಕಲ್ಲು ಪ್ರವಾಹವನ್ನು ತಡೆಯಲಾರದು.

ಆದುದರಿಂದ ಆಗಬೇಕಾದ ಕೆಲಸಗಳು ಕೆಲವುಂಟು. ನದಿಯಲ್ಲಿ ನಿಂತಿರುವ ಮತ್ತು ಬಿದ್ದಿರುವ ಒಂದೊಂದು ಕಂಬವನ್ನೂ ಅಳತೆ, ಸ್ಥಾನ, ಸ್ಥಿತಿಗಳ ಸಹಿತ ದಾಖಲಿಸಿ, ಪ್ರತಿ ಮಳೆಗಾಲದ ಹಿಂದೆಯೂ ಮುಂದೆಯೂ ತಾಳೆನೋಡಬೇಕು. ಬಿದ್ದ ಕಲ್ಲನ್ನು ಅಂದಗಾಣಿಸಲೆಂದು ಎತ್ತಿ ಜೋಡಿಸುವ ಆತುರವು ಬೇಡ. ಬಿದ್ದ ಸ್ಥಳವೂ ಒಂದು ಸಾಕ್ಷ್ಯ. ಹಂಪೆಗೆ ಬರುವ ವಿದ್ಯಾರ್ಥಿಗಳಿಗೆ ಕಲ್ಲಿನ ರಥವನ್ನು ತೋರಿಸುವ ಅಧ್ಯಾಪಕರು ಇನ್ನಷ್ಟು ದೂರ ನಡೆಸಿ ಈ ಕಂಬಗಳನ್ನೂ ತೋರಿಸಬೇಕು. ತೋರಿಸುವಾಗ ಅಂಬಿಗರ ಚೌಡಯ್ಯನನ್ನೂ ಸಿದ್ಧರಾಮನನ್ನೂ ನೆನೆಯಬೇಕು. ಆನೆಗೊಂದಿಯ ಹರಿಗೋಲಿನವರ ಅನುಭವಜ್ಞಾನವನ್ನು, ಅಂದರೆ ನೀರಿನ ಸೆಳೆತ, ಮಡು, ಬಂಡೆಗಳ ಹೆಸರುಗಳನ್ನು ಬರೆದಿಡಬೇಕು. ನದಿಯನ್ನು ಅವರಷ್ಟು ಬಲ್ಲವರು ಬೇರೆಯಿಲ್ಲ. ನಾಡಿನ ಮಠಗಳು ತಮ್ಮ ಆಡಳಿತಕ್ಕೆ ಸೇರಿದ ಕೆರೆ, ಬಾವಿ, ಮೆಟ್ಟಿಲು, ಮಂಟಪ, ಶಾಸನಗಳ ಪಟ್ಟಿಯನ್ನು ಸಿದ್ಧಪಡಿಸಿ ಪ್ರಕಟಿಸುವುದು ಇದಕ್ಕೆ ಪೂರಕವಾದ ಕಾರ್ಯ. ಹಿಂದೆ ವಿರಕ್ತರು ವಚನಗಳ ಓಲೆಗಳನ್ನು ಹುಡುಕಿ ತಂದರು. ಅದೇ ಶ್ರದ್ಧೆಯಿಂದ ಈಗ ಕಲ್ಲುಗಳನ್ನು ಲೆಕ್ಕಹಾಕಬೇಕಾಗಿದೆ.

ವಿಜಯನಗರದ ಅರಸರು ತಮ್ಮ ಶಾಸನಗಳಿಗೆ 'ಶ್ರೀ ವಿರೂಪಾಕ್ಷ' ಎಂದು ಒಪ್ಪವಿಟ್ಟರು. ತಮ್ಮ ಹೆಸರನ್ನು ಬದಿಗಿರಿಸಿ ದೇವರ ಹೆಸರಿನಲ್ಲಿ ಹೊಣೆಯನ್ನು ಒಪ್ಪಿಕೊಂಡ ಕ್ರಮವದು. ತುಂಗಭದ್ರೆಯ ಕಂಬಗಳನ್ನು ಕಡೆದು ನಿಲ್ಲಿಸಿದ ಕಲ್ಲುಕುಟಿಗರು ಆ ಒಪ್ಪವನ್ನೂ ಇಡದೆ ಹೋದರು. ಅವರ ಸೇತುವೆಯ ಮೇಲೆ ಇಂದು ಯಾರೂ ನಡೆಯುವಂತಿಲ್ಲ. ಆದರೂ ಒಂದು ದಡದ ಜನರ ಸುಖದುಃಖಗಳಿಗೂ ಇನ್ನೊಂದು ದಡದವರಿಗೂ ಸಂಬಂಧವುಂಟೆಂದು ನಂಬಿದ ನಾಡೊಂದು ಇಲ್ಲಿದ್ದಿತು ಎಂಬುದಕ್ಕೆ ಆ ಕಂಬಗಳು ಪ್ರಮಾಣವಾಗಿ ನಿಂತಿವೆ. ಆ ಪ್ರಮಾಣವನ್ನು ಕಾಪಾಡುವ ಹೊಣೆಯು ಸರ್ಕಾರದ್ದು ಮಾತ್ರವಲ್ಲ. ಬಾಳೆಗುಳಿಯಿಂದ ಹಂಪೆಯವರೆಗೆ ಆ ದಾರಿಯಲ್ಲಿ ಸಾಗುವ ಪ್ರತಿಯೊಬ್ಬರದೂ ಹೌದು.